ಗಂಟೆ ಮೇಷ್ಟ್ರು ತುಂಬಿದ ಫಾರಂ

ಮೇಷ್ಟ್ರು ಹೆಡ್ಮಾಸ್ಟರಾಗಿದ್ದ ಶಾಲೆಯಲ್ಲಿ ಜವಾನ ರಜೆ ಹಾಕಿದ ದಿನ ಗಂಟೆ ಹೊಡೆಯುವವರು ಯಾರು ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ಅವರೇ ಎದ್ದು ಹೋಗಿ ಹೊಡೆಯುತ್ತಿದ್ದರು. ಬರಬರುತ್ತಾ ಜವಾನ ಇದ್ದ ದಿನವೂ ಅವರೇ ಹೊಡೆಯತೊಡಗಿದರು. ಗಂಟೆಯ ನೆಪದಲ್ಲಿ ವರಾಂಡದ ಉದ್ದಕ್ಕೂ ನಡೆದರೆ ಯಾವ ತರಗತಿಯಲ್ಲಿ ಪಾಠ ನಡೆಯುತ್ತಿದೆ, ಯಾವುದರಲ್ಲಿ ಗಲಾಟೆ ನಡೆಯುತ್ತಿದೆ ಎನ್ನುವುದು ತಾನಾಗಿ ಕಿವಿಗೆ ಬೀಳುತ್ತಿತ್ತು. ಹೀಗೆ ಹದಿನಾಲ್ಕು ವರ್ಷ ಕತ್ತೆಯಂತೆ ದುಡಿದ ಮನುಷ್ಯನಿಗೆ ಊರು ಕೊಟ್ಟ ಬಿರುದು 'ಗಂಟೆ ಮೇಷ್ಟ್ರು'. ಅದಕ್ಕಿಂತ ದೊಡ್ಡದನ್ನು ಯಾರೂ ಕೊಡಲಿಲ್ಲ.

ಆ ಹದಿನಾಲ್ಕು ವರ್ಷಗಳಲ್ಲಿ ಜಿಲ್ಲಾ ಶಿಕ್ಷಣ ಕಚೇರಿಯಿಂದ ಎಷ್ಟೋ ಸಾಹೇಬರು ಬಂದರು, ಹೋದರು. ಬಂದವರು ಮೊದಲು ಟೀ ಕುಡಿಯುತ್ತಿದ್ದರು. ಆಮೇಲೆ ಶೌಚಾಲಯದ ಬಾಗಿಲು ಎಳೆದು ನೋಡುತ್ತಿದ್ದರು, ಹಾಜರಿ ಪುಸ್ತಕ ತಿರುವಿ ಹಾಕುತ್ತಿದ್ದರು, ಹೊರಡುವ ಮುನ್ನ ಭೇಟಿ ಪುಸ್ತಕದಲ್ಲಿ 'ಸುಧಾರಣೆಗೆ ಸೂಚಿಸಲಾಗಿದೆ' ಎಂದು ಗೀಚಿ ಜೀಪು ಹತ್ತುತ್ತಿದ್ದರು. ಏನನ್ನು ಸುಧಾರಿಸಬೇಕು, ಹೇಗೆ ಎಂದು ಮೇಷ್ಟ್ರು ಒಮ್ಮೆ ಕೇಳಿದ್ದಕ್ಕೆ 'ಅದೂ ನಾವೇ ಹೇಳಬೇಕಾ' ಎಂಬ ಉತ್ತರ ಸಿಕ್ಕಿತ್ತು. 'ಕೆಲಸ ಕಷ್ಟ ಆಗ್ತಿದೆಯಾ ಮೇಷ್ಟ್ರೇ' ಎಂದು ಒಬ್ಬರಾದರೂ ವಿಚಾರಿಸಿದ್ದರೆ ಅವರನ್ನು ಸಾಯುವ ತನಕ ನೆನೆಯುತ್ತಿದ್ದರು. ಯಾರೂ ವಿಚಾರಿಸಲಿಲ್ಲ.

ಅದಕ್ಕೇ, ನಿವೃತ್ತರಾದ ಎರಡನೇ ವರ್ಷ ಅದೇ ಕಚೇರಿ 'ಜೊತೆಗಾರ' ಎಂಬ ಯೋಜನೆ ಶುರು ಮಾಡಿ ಇವರನ್ನು ಕರೆದಾಗ ಮೇಷ್ಟ್ರು ಕುಣಿದಾಡಿದರು. ಹೊಸದಾಗಿ ಹೆಡ್ಮಾಸ್ಟರ್, ಹೆಡ್ಮಿಸ್ಟ್ರೆಸ್ ಆದವರ ಪಕ್ಕದಲ್ಲಿ ಅನುಭವಸ್ಥರೊಬ್ಬರು ಕೂತು ಕೆಲಸ ಕಲಿಸಬೇಕು, ಇದು ಯೋಜನೆ. ಒಂದು ದಿನದ ತರಬೇತಿಯಲ್ಲಿ ದೊಡ್ಡ ಸಾಹೇಬರು ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ್ದರು: "ನೀವು ಇನ್‌ಸ್ಪೆಕ್ಟರ್‌ಗಳಲ್ಲ, ಸ್ನೇಹಿತರು. ಅವರು ನಿಮ್ಮ ಹತ್ರ ಮನಸ್ಸು ಬಿಚ್ಚಿ ಮಾತಾಡಬೇಕು." ಕೊನೆಯಲ್ಲಿ ಎಲ್ಲರಿಗೂ ಒಂದೊಂದು ಕಟ್ಟು ಫಾರಂ ಹಂಚಿದರು. ಮುಂದಿನ ಬದಿಯಲ್ಲಿ 'ಕಂಡುಬಂದ ಕೊರತೆಗಳು', ಹಿಂಬದಿಯಲ್ಲಿ 'ಬೇಕಾದ ನೆರವು'. ಹಿಂಬದಿ ನೋಡಿ ಮೇಷ್ಟ್ರ ಕಣ್ಣು ತುಂಬಿ ಬಂತು. ನೆರವು ಎಂಬ ಪದವನ್ನು ಆ ಕಚೇರಿಯ ಕಾಗದದ ಮೇಲೆ ಅವರು ನೋಡಿದ್ದು ಅದೇ ಮೊದಲು.

"ನಾನು ಯಾವ ಶಾಲೆಯಲ್ಲೂ ಟೀ ಮುಟ್ಟಲ್ಲ ಕಣೆ," ಎಂದು ಹೆಂಡತಿಗೆ ಹೇಳಿದರು.

"ಹಾಗಾದ್ರೆ ಫ್ಲಾಸ್ಕ್ ತೊಳೆದು ಇಡ್ತೀನಿ. ಟೀ ಇಲ್ದೆ ನೀವು ಹನ್ನೊಂದು ಗಂಟೆಗೆ ಮಂಕು ಹಿಡಿದವರ ಥರ ಆಗ್ತೀರಿ," ಎಂದರು ಆಕೆ.

ಮೇಷ್ಟ್ರಿಗೆ ಹಂಚಿದ ನಾಲ್ಕು ಶಾಲೆಗಳಲ್ಲಿ ಒಂದಕ್ಕೆ ಮೂವತ್ತೈದರ ಹೆಂಗಸೊಬ್ಬರು ಹೆಡ್ಮಿಸ್ಟ್ರೆಸ್ ಆಗಿದ್ದರು. ಗಣಿತ ಪಾಠ ಮಾಡಿದರೆ ಹಿಂದಿನ ಬೆಂಚಿನ ಮಕ್ಕಳೂ ಮುಂದೆ ಬಾಗುತ್ತಿದ್ದರಂತೆ. ಅದೇ ತಪ್ಪಾಯಿತು. ಹಳೆಯ ಹೆಡ್ಮಾಸ್ಟರು ಹಾಸಿಗೆ ಹಿಡಿದಾಗ 'ಚೆನ್ನಾಗಿ ಪಾಠ ಮಾಡ್ತಾರೆ' ಎಂದು ಈಕೆಯನ್ನು ಪಾಠದಿಂದ ಎಬ್ಬಿಸಿ ಆ ಕುರ್ಚಿಯಲ್ಲಿ ಕೂರಿಸಿದರು. ಈಜು ಬಾರದವರನ್ನು ಬಾವಿಗೆ ತಳ್ಳಿ, ಮೇಲೆ ನಿಂತು 'ಕೈ ಬೀಸಿ, ಕೈ ಬೀಸಿ' ಎಂದು ಕೂಗಿದ ಹಾಗೆ. ಕುರ್ಚಿಯಲ್ಲಿ ಕೂತಿದ್ದಾದರೂ ಯಾವಾಗ? ನೀರಿನ ಮೋಟಾರು ಕೆಟ್ಟರೆ ಮೋಟಾರಿನ ಬಳಿ, ಟೀಚರ್ ಬಾರದಿದ್ದರೆ ಆ ತರಗತಿಗೆ, ಮತ್ತೆ ಆಫೀಸಿಗೆ. ಮಕ್ಕಳು 'ಓಡೋ ಮೇಡಂ' ಎಂದು ಹೆಸರಿಟ್ಟಿದ್ದರು.

ಮೊದಲ ಮೂರು ಭೇಟಿಯಲ್ಲಿ ಆಕೆ ಹೇಳಿದ್ದು ಒಂದೇ ಮಾತು: "ಎಲ್ಲಾ ಚೆನ್ನಾಗಿದೆ ಸಾರ್." ಮೇಷ್ಟ್ರು ಒತ್ತಾಯಿಸಲಿಲ್ಲ. ಫ್ಲಾಸ್ಕ್ ತೆರೆದು ಮೊದಲ ಲೋಟ ಆಕೆಗೆ ಬಗ್ಗಿಸಿ ಕೊಟ್ಟು, ಸುಮ್ಮನೆ ಮೂಲೆಯಲ್ಲಿ ಕೂತು ನೋಡಿದರು. ಒಂದೇ ಬೆಳಿಗ್ಗೆ ಕಚೇರಿಯಿಂದ ಆರು ಪತ್ರ ಬಂದವು. ಆರರಲ್ಲಿ ನಾಲ್ಕು ಕೇಳಿದ್ದು ಒಂದೇ ವಿವರ, ನಾಲ್ಕು ಬೇರೆ ಬೇರೆ ನಮೂನೆಯಲ್ಲಿ. ಆರಕ್ಕೂ ಉತ್ತರ 'ಇಂದು ಸಂಜೆಯೊಳಗೆ' ಹೋಗಬೇಕಿತ್ತು.

ನಾಲ್ಕನೇ ಭೇಟಿಯಂದು ಆಕೆ ಮೇಷ್ಟ್ರನ್ನು ವಿಜ್ಞಾನದ ಸಾಮಾನು ತುಂಬಿದ ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಬಿರುಕುಬಿಟ್ಟ ಭೂಗೋಳ, ಒಂದು ಕೈ ಕಳೆದುಕೊಂಡ ಅಸ್ಥಿಪಂಜರ, ಒಂದು ಸ್ಟೂಲು.

"ಅಳು ಬಂದಾಗ ಇಲ್ಲಿಗೆ ಬರ್ತೀನಿ ಸಾರ್," ಎಂದರು. "ನಾಲ್ಕು ತಿಂಗಳಾಯ್ತು, ಒಬ್ಬ ಟೀಚರ್ ತರಗತಿಯಲ್ಲೂ ನಾನು ಕೂತು ನೋಡಿಲ್ಲ. ಟೈಮೇ ಇಲ್ಲ. ಟೈಮ್ ಇದ್ರೂ ಭಯ. 'ಅತ್ತೆ' ಇದ್ದಾರಲ್ಲ, ಅವರ ಕ್ಲಾಸಿಗೆ ಹೋದ್ರೆ ನನ್ನ ಮುಖಕ್ಕೇ 'ನೀನು ನಂಗೆ ಹೇಳಿಕೊಡ್ತೀಯಾ' ಅಂದುಬಿಡ್ತಾರೆ." ಅತ್ತೆ ಎಂದರೆ ಶಾಲೆಯ ಅತಿ ಹಿರಿಯ ಶಿಕ್ಷಕಿ. ಆ ಕುರ್ಚಿ ತನಗೇ ಎಂದು ವರ್ಷಗಟ್ಟಲೆ ಕಾದವರು. ಸ್ಟಾಫ್ ರೂಮಿನಲ್ಲಿ ಸೊಸೆಯರನ್ನು ಆಳಿದಂತೆ ಉಳಿದವರನ್ನು ಆಳುತ್ತಿದ್ದರು.

"ಮೊದಲ ವರ್ಷ ನಾನು ಗಂಟೆ ಹೊಡೆಯೋಕೆ ಹೋಗ್ತಿದ್ದೆನಲ್ಲಮ್ಮ," ಎಂದರು ಮೇಷ್ಟ್ರು, "ಅದು ಯಾಕೆ ಅಂದ್ಕೊಂಡಿದ್ದೀರಿ? ಸ್ಟಾಫ್ ರೂಮಲ್ಲಿ ಕೂರೋಕೆ ಹೆದರಿಕೆ ಆಗ್ತಿತ್ತು." ಇದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಆಕೆ ಕಣ್ಣೊರೆಸಿಕೊಂಡು ನಕ್ಕರು.

ಆಮೇಲೆ ಕೆಲಸ ಶುರುವಾಯಿತು. ಬೆಳಿಗ್ಗೆ ಮೊದಲ ಅರ್ಧ ಗಂಟೆ ಯಾವ ಪತ್ರವನ್ನೂ ಮುಟ್ಟಬಾರದು, ತರಗತಿಯಲ್ಲಿ ಕೂರಬೇಕು ಎಂದು ಗೊತ್ತು ಮಾಡಿಕೊಂಡರು. ಮೊದಲು ಅತ್ತೆಯ ತರಗತಿಗೇ ಹೋಗಬೇಕು, ಕಲಿಸಲು ಅಲ್ಲ, ಕಲಿಯಲು ಎಂದು ಮೇಷ್ಟ್ರು ಹೇಳಿಕೊಟ್ಟರು. ಆಕೆ ಹೋದರು. ಹೊರಗೆ ಬಂದು, ದಡ್ಡಿ ಎನಿಸಿಕೊಂಡ ಹುಡುಗಿಯೊಬ್ಬಳು ಉತ್ತರ ಹೇಳಲಿ ಎಂದು ಅತ್ತೆ ಎಷ್ಟು ಹೊತ್ತು ಕಾದರು ಎಂಬುದನ್ನು ಎಲ್ಲರೆದುರು ಹೇಳಿ ಹೊಗಳಿದರು. ಮರುದಿನ ಅತ್ತೆ ಹಾಜರಿ ಪುಸ್ತಕವನ್ನು ತಾವೇ ಆಫೀಸಿಗೆ ತಂದುಕೊಟ್ಟರು. ಓಡೋ ಮೇಡಂ ನಡೆಯಲು ಕಲಿಯುತ್ತಿದ್ದರು.

ತಿಂಗಳ ಕೊನೆಯ ಸಂಜೆ ಮೇಷ್ಟ್ರು ಊಟದ ಮೇಜಿನ ಮೇಲೆ ಫಾರಂ ಹರಡಿಕೊಂಡು ಕೂತರು. ದುಂಡನೆಯ ಅಕ್ಷರ, ಒಂದು ಚಿತ್ತುಕಾಟೂ ಇಲ್ಲ. ಮುಂಬದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರು: ಮೊದಲ ನಾಲ್ಕು ತಿಂಗಳು ತರಗತಿ ವೀಕ್ಷಣೆ ನಡೆದಿರಲಿಲ್ಲ, ಹಿರಿಯ ಶಿಕ್ಷಕಿಯೊಂದಿಗೆ ಹೊಂದಾಣಿಕೆ ಇರಲಿಲ್ಲ, ಒತ್ತಡದಿಂದ ಸ್ಟೋರ್ ರೂಮಿನಲ್ಲಿ ಅಳುತ್ತಾರೆ. ಹಿಂಬದಿ ಪೂರ್ತಿ ತುಂಬಿತು: ವಾರಕ್ಕೆ ಎರಡು ದಿನ ಗುಮಾಸ್ತರೊಬ್ಬರು ಬೇಕು, ಕಚೇರಿಯ ಪತ್ರಗಳು ವಾರಕ್ಕೊಮ್ಮೆ ಒಟ್ಟಿಗೆ ಬರಲಿ, ಒಂದು ವರ್ಷ ಸಮಯ ಕೊಡಿ, ಇವರು ಜಿಲ್ಲೆಗೇ ಒಳ್ಳೆಯ ಹೆಡ್ಮಿಸ್ಟ್ರೆಸ್ ಆಗುತ್ತಾರೆ.

ಹೆಂಡತಿ ಓದಿ ಹುಬ್ಬು ಗಂಟಿಕ್ಕಿದರು. "ಆ ಹುಡುಗಿ ಅತ್ತಿದ್ದನ್ನ ಯಾಕ್ರೀ ಬರೀತೀರಿ?"

"ಬರೀದಿದ್ರೆ ಅವರಿಗೆ ಗೊತ್ತಾಗೋದು ಹೇಗೆ?"

"ಗೊತ್ತಾಗಿ?"

"ನೆರವು ಕೊಡ್ತಾರೆ. ಕಾಯಿಲೆ ಹೇಳದೆ ಔಷಧಿ ಕೇಳೋಕಾಗುತ್ತಾ?"

ಹದಿನಾಲ್ಕು ವರ್ಷ ಆ ಕಚೇರಿಯ ಕೈಯಲ್ಲಿ ಉಂಡ ಪೆಟ್ಟನ್ನೆಲ್ಲ ಒಂದು ಅಚ್ಚಾದ ಪದ ಮರೆಸಿಬಿಟ್ಟಿತ್ತು. ಇಷ್ಟು ವಯಸ್ಸಾದ ಮನುಷ್ಯ ಇಷ್ಟು ಸುಲಭಕ್ಕೆ ನಂಬಬಾರದಿತ್ತು.

ಮೂರು ವಾರದ ಮೇಲೆ ಪರಿಶೀಲನಾ ಸಭೆ. ಜಿಲ್ಲೆಯ ಹೆಡ್ಮಾಸ್ಟರುಗಳು, ಹೆಡ್ಮಿಸ್ಟ್ರೆಸ್‌ಗಳು, ಜೊತೆಗಾರರು ಎಲ್ಲರೂ ಒಂದೇ ಹಾಲ್‌ನಲ್ಲಿ. ದೊಡ್ಡ ಸಾಹೇಬರು ಪರದೆಯ ಮೇಲೆ ಒಂದೊಂದೇ ಶಾಲೆಯನ್ನು ತೋರಿಸುತ್ತಾ ಬಂದರು. ಆಮೇಲೆ ಪರದೆಯ ತುಂಬ ದುಂಡನೆಯ ಅಕ್ಷರ ಮೂಡಿತು. ಆ ಅಕ್ಷರ ತಮ್ಮದೇ ಎಂದು ಮೇಷ್ಟ್ರಿಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು.

"ಇಲ್ಲೊಬ್ಬರಿದ್ದಾರೆ," ಎಂದರು ಸಾಹೇಬರು. "ತರಗತಿಗೆ ಹೋಗೋಕೆ ಪುರುಸೊತ್ತಿಲ್ಲ, ಸ್ಟೋರ್ ರೂಮಲ್ಲಿ ಕೂತು ಅಳೋಕೆ ಪುರುಸೊತ್ತಿದೆ!"

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ಅರ್ಧಕ್ಕರ್ಧ ಮಂದಿಗೆ ತಮ್ಮದೇ ಆದ ಒಂದು ಸ್ಟೋರ್ ರೂಮು ಇತ್ತು ಎಂದು ಮೇಷ್ಟ್ರು ಆಣೆ ಮಾಡಿ ಹೇಳಬಲ್ಲರು. ಮೂರನೇ ಸಾಲಿನಲ್ಲಿದ್ದ ಆಕೆ ಸಾಹೇಬರ ಕಡೆ ನೋಡಲಿಲ್ಲ, ಪರದೆಯ ಕಡೆಯೂ ನೋಡಲಿಲ್ಲ. ಹಿಂದಕ್ಕೆ ತಿರುಗಿ ಮೇಷ್ಟ್ರನ್ನು ನೋಡಿದರು.

ಮೇಷ್ಟ್ರು ಎದ್ದು ನಿಂತರು. "ಸಾರ್, ಅದರ ಹಿಂಬದಿ ತೋರಿಸಿ."

"ಪ್ರಶ್ನೆಗಳೆಲ್ಲ ಕೊನೆಗೆ. ಕೂತ್ಕೊಳ್ಳಿ."

ಮೇಷ್ಟ್ರು ಕೂತರು. ಸಾಹೇಬರು ಕೂರು ಎಂದರೆ ಕೂರುವುದು ಮೈಗೆ ಹತ್ತಿದ್ದ ಅಭ್ಯಾಸ, ಕಾಲು ತಾನಾಗಿ ಮಡಚಿಕೊಂಡಿತು. ಆಮೇಲೆ ಎಷ್ಟೋ ದಿನ ಬಚ್ಚಲಿನಲ್ಲಿ, ಬಸ್ಸಿನಲ್ಲಿ ಅವರು ಆ ಮಾತನ್ನು ಪೂರ್ತಿ ಹೇಳಿ ಮುಗಿಸಿದರು, ಆ ಹಾಲ್‌ನಲ್ಲಿ ಮಾತ್ರ ಹೇಳಲಿಲ್ಲ. ಕೊನೆಗೆ ಪ್ರಶ್ನೆಗಳಿಗೆ ಹೊತ್ತೂ ಉಳಿಯಲಿಲ್ಲ.

ಮರುದಿನ ಕಚೇರಿಗೆ ಹೋಗಿ ಗುಮಾಸ್ತನನ್ನು ಹಿಡಿದರು. ಅವನೇನೂ ಕೆಟ್ಟವನಲ್ಲ, ಕುರ್ಚಿ ಎಳೆದು ಕೂರಿಸಿದ.

"ಹಿಂಬದಿನಾ? ಅದನ್ನ ಯಾರೂ ನೋಡಲ್ಲ ಸಾರ್. ನಮಗೆ ಹೇಳಿರೋದು ಮುಂದಿನ ಪುಟ ಮಾತ್ರ ಝೆರಾಕ್ಸ್ ಮಾಡಿ ಮೇಲೆ ಕಳಿಸಿ ಅಂತ. ಕಂಪ್ಯೂಟರಲ್ಲೂ ಕೊರತೆಗೆ ಜಾಗ ಇದೆ, ನೆರವಿಗೆ ಇಲ್ಲ."

"ಮತ್ತೆ ಅಚ್ಚು ಯಾಕೆ ಹಾಕಿಸಿದ್ರಪ್ಪ?"

"ಹಾಳೆ ಖಾಲಿ ಬಿಟ್ರೆ ಚೆನ್ನಾಗಿ ಕಾಣಲ್ಲ ಅಂತ ಇರಬೇಕು," ಎಂದ ಗುಮಾಸ್ತ ಪ್ರಾಮಾಣಿಕವಾಗಿ.

ಮೇಷ್ಟ್ರು ಸಾಹೇಬರ ಕೋಣೆಯ ಹೊರಗೆ ಎರಡೂವರೆ ತಾಸು ಕಾದರು. ಒಳಗೆ ಸಿಕ್ಕಿದ್ದು ಎರಡು ನಿಮಿಷ. ಸಾಹೇಬರು ಅವರ ಕೈ ಕುಲುಕಿದರು. "ನಿಮ್ಮಷ್ಟು ನೇರವಾಗಿ ಯಾರೂ ಬರೆದಿಲ್ಲ ಮೇಷ್ಟ್ರೇ. ಆಕೆಯನ್ನ ತೆಗೆದಿದ್ದೀವಿ. ಎಲ್ಲಾ ನಿಮ್ಮ ವರದಿಯಿಂದಲೇ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಬರೆ ಎಳೆಯುವ ಕಬ್ಬಿಣವನ್ನು ಕಾಯಿಸಿ ಕೊಟ್ಟವರು ಮೇಷ್ಟ್ರೇ.

ಆಕೆಯನ್ನು ದೂರದ ಶಾಲೆಯೊಂದಕ್ಕೆ ಬರೀ ಶಿಕ್ಷಕಿಯಾಗಿ ಹಾಕಿದ್ದರು. ಕುರ್ಚಿ ಅತ್ತೆಗೆ ಸಿಕ್ಕಿತ್ತು. ಮೇಷ್ಟ್ರು ಹಳೆಯ ಶಾಲೆಗೆ ಹೋದಾಗ ಓಡೋ ಮೇಡಂ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದರು. ತಮ್ಮ ಸ್ಕೇಲು, ಮಗಳು ಬಿಡಿಸಿದ ಚಿತ್ರ, ಬೆಳಗಿನ ಅರ್ಧ ಗಂಟೆಯ ಟಿಪ್ಪಣಿ ಪುಸ್ತಕ. ಮೇಷ್ಟ್ರು ಫ್ಲಾಸ್ಕ್ ಮುಚ್ಚಳ ತಿರುಗಿಸಿದರು.

"ಬೇಡ ಸಾರ್."

"ಹಿಂಬದಿಯಲ್ಲಿ ನಾನು ಏನು ಬರೆದಿದ್ದೆ ಗೊತ್ತೇನಮ್ಮ..."

"ಒಳ್ಳೇದೇ ಬರೆದಿರ್ತೀರಿ. ನೀವು ಕೆಟ್ಟವರಲ್ಲ." ಆಕೆ ಡ್ರಾಯರ್ ತಳ್ಳಿ ಮುಚ್ಚಿದರು. "ಅದೇ ಕಷ್ಟ ಆಗಿದ್ದು. ಕೆಟ್ಟವರಾಗಿದ್ರೆ ನಾನು ಹೇಳ್ತಾನೇ ಇರಲಿಲ್ಲ."

ಟಿಪ್ಪಣಿ ಪುಸ್ತಕವನ್ನು ಆಕೆ ಕಸದ ಬುಟ್ಟಿಗೆ ಹಾಕಿ ಹೋದರು. ಮೇಷ್ಟ್ರು ಅದನ್ನು ಎತ್ತಿಕೊಂಡು ಬಂದರು. ಇಂದಿಗೂ ಅವರ ಕಪಾಟಿನಲ್ಲಿದೆ, ತೆರೆದು ನೋಡುವ ಧೈರ್ಯವಿಲ್ಲ.

ಯೋಜನೆ ಬಿಟ್ಟುಬಿಡಿ ಎಂದು ಹೆಂಡತಿ ಹೇಳಿದರು. ಬಿಟ್ಟರೆ ಆ ಶಾಲೆಗಳಿಗೆ ಇನ್ನೊಬ್ಬ ಬರುತ್ತಾನೆ, ಅವನು ಇನ್ನೂ ಚೆಂದದ ಅಕ್ಷರದಲ್ಲಿ ಬರೆಯುತ್ತಾನೆ ಎಂದರು ಮೇಷ್ಟ್ರು. ಮುಂದಿನ ವಾರ ಇನ್ನೊಂದು ಶಾಲೆಗೆ ಹೋದರು. ಅಲ್ಲಿನ ಹೆಡ್ಮಾಸ್ಟರು ಆ ಕುರ್ಚಿಗೆ ಬಂದು ಎರಡು ತಿಂಗಳಾಗಿತ್ತಷ್ಟೇ, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಮೇಜಿನ ಮೇಲೆ ಕಚೇರಿಯ ಪತ್ರಗಳ ರಾಶಿ. ಆತ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

"ಸಾರ್, ನಿಮ್ಮ ಹತ್ರ ಒಂದು ಮಾತು ಹೇಳ್ಕೋಬೇಕಿತ್ತು. ಯಾರ ಹತ್ರಾನೂ ಹೇಳಿಲ್ಲ."

ಮೇಷ್ಟ್ರು ಕೈ ಎತ್ತಿ ತಡೆದರು. "ಹೇಳಬೇಡಪ್ಪ. ನನ್ನ ಹತ್ರ ಏನೂ ಹೇಳಬೇಡ."

ಆತ ತೆರೆದ ಬಾಯಿ ಹಾಗೇ ಮುಚ್ಚಿದ. ಮೇಷ್ಟ್ರು ಫಾರಂ ತೆಗೆದು ಮುಂಬದಿಯಲ್ಲಿ 'ಯಾವ ಕೊರತೆಯೂ ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕಿದರು. ಹಿಂಬದಿ ತಿರುಗಿಸಲಿಲ್ಲ.

"ಟೀ ತರಿಸಲಾ ಸಾರ್?" ಎಂದು ಆತ ಕೇಳಿದ. ಸಾಹೇಬರನ್ನು ಕೇಳುವ ದನಿ ಅದು. ಅದೇ ದನಿಯಲ್ಲಿ ಮೇಷ್ಟ್ರೂ ಹದಿನಾಲ್ಕು ವರ್ಷ ಸಾಹೇಬರನ್ನು ಕೇಳಿದ್ದರು.

ಫ್ಲಾಸ್ಕ್ ಚೀಲದಲ್ಲೇ ಇತ್ತು. "ತರಿಸಿ," ಎಂದರು ಮೇಷ್ಟ್ರು. ಟೀ ಬಂತು, ಕುಡಿದು ಎದ್ದರು.