ಪೀಪಾಯಿಯ ಮೇಲಿನ ಆನೆ

ಹೊಸ ಫ್ರಿಜ್ಜಿನ ಬಾಗಿಲಿಗೆ ನಾಗವ್ವ ಮೊದಲು ಹಚ್ಚಿ ನೋಡಿದ್ದು ಆನೆಯನ್ನು. ಅದು ಒಂದು ಕ್ಷಣವೂ ನಿಲ್ಲಲಿಲ್ಲ. ನುಣ್ಣನೆಯ ಗಾಜಿನ ಮೇಲಿಂದ ಸರ್ರನೆ ಜಾರಿ ನೆಲಕ್ಕೆ ಬಿದ್ದು ಸೊಂಡಿಲಿನ ತುದಿ ಮುರಿದುಕೊಂಡಿತು. ಚುಂಬಕದ ಆಟೋ ಹಚ್ಚಿದಳು, ಅದೂ ಬಿತ್ತು. ಬದನೆಕಾಯಿ ಹಚ್ಚಿದಳು, ಅದನ್ನು ಬೀಳುವ ಮೊದಲೇ ಅಂಗೈಯಲ್ಲಿ ಹಿಡಿದುಕೊಂಡಳು. ಫ್ರಿಜ್ಜು ತಂದ ಅಂಗಡಿಯ ಹುಡುಗರು ಥರ್ಮಾಕೋಲು ಬಾಚಿಕೊಂಡು ಆಗಲೇ ಇಳಿದುಹೋಗಿದ್ದರು. ಸೊಸೆ ಮಾಧುರಿ ಅದೇ ಗಾಜಿನಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

"ಇದು ಎಂಥಾ ಫ್ರಿಜ್ಜವಾ? ಕಬ್ಬಿಣ ಅಲ್ಲೇನು?"

"ಗಾಜಿನ ಬಾಗಲಾ ಅದರಿ ಅತ್ತಿ. ಮ್ಯಾಗ್ನೆಟ್ ಹಿಡಿಯಂಗಿಲ್ಲ."

"ಹಿಡಿಯಂಗಿಲ್ಲ ಅನ್ನೂದು ನಿನಗ ಮೊದಲ ಗೊತ್ತಿತ್ತೇನು?"

ಮಾಧುರಿ ಕೂದಲಿನಿಂದ ಕೈ ತೆಗೆದಳು. "ಗಾಜಿಗೆ ಹಿಡಿಯಂಗಿಲ್ಲ ಅನ್ನೂದು ಎಲ್ಲಾರಿಗೂ ಗೊತ್ತಿರ್ತದರಿ," ಎಂದು ಹೇಳಿ ಒಳಗೆ ಹೋದಳು.

ಆ ಮಾತನ್ನು ನಾಗವ್ವ ಮುರಿದ ಸೊಂಡಿಲಿನ ಚೂರಿನ ಜೊತೆಗೇ ಸೆರಗಿನ ತುದಿಗೆ ಕಟ್ಟಿಕೊಂಡಳು.

ಇಂಡಿ ತಾಲೂಕಿನ ಒಂದು ಹಳ್ಳಿಯಿಂದ ಮದುವೆಯಾಗಿ ಮರಾಠಿ ಸೀಮೆಯ ಚಿಂಚವಾಡಕ್ಕೆ ಬಂದವಳು ನಾಗವ್ವ. ಗಂಡ ಮಲಕಪ್ಪ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಮಾಲು ಕಳಿಸುವ ವಿಭಾಗದ ಗುಮಾಸ್ತನಾಗಿ ಸೇರಿ, ಹೆಡ್ ಕ್ಲರ್ಕ್ ಆಗಿ ನಿವೃತ್ತನಾದವನು. ಇಂದಿಗೂ ಇಸ್ತ್ರಿ ಮಾಡಿದ ಬಿಳಿ ಅಂಗಿಯಿಲ್ಲದೆ ಮನೆಯ ಮೆಟ್ಟಿಲಿಳಿಯುವುದಿಲ್ಲ. ನಾಗವ್ವ ಶಾಲೆಗೆ ಹೋದವಳಲ್ಲ. ತವರಿನಿಂದ ತಂದದ್ದು ಜೋಳದ ರೊಟ್ಟಿ ಬಡಿಯುವ ಕೈ ಒಂದೇ. ಕೆಳಗಿನ ಮನೆಯಲ್ಲಿ ಒಬ್ಬಂಟಿಯಾಗಿದ್ದ ಸೂಪರ್‌ವೈಜರ್ ತಾಯಪ್ಪ ಒಮ್ಮೆ ಅವಳ ರೊಟ್ಟಿ, ಪುಂಡಿಪಲ್ಯ ತಿಂದು, "ಅಕ್ಕಾರ, ದಿನಾ ನನಗೊಂದೆರಡು ಬಡೀರಿ," ಎಂದು ಕೇಳಿಕೊಂಡದ್ದೇ ಶುರು. ಅವನ ಬಾಯಿಂದ ಇನ್ನೊಬ್ಬರಿಗೆ, ಇನ್ನೊಬ್ಬರಿಂದ ವಾಕಡದ ಕಡೆ ಇರುವ ಕಂಪ್ಯೂಟರ್ ಕೆಲಸದ ಕನ್ನಡದ ಹುಡುಗ ಹುಡುಗಿಯರಿಗೆ ಸುದ್ದಿ ಹಬ್ಬಿತು.

ಬರೆದಿಡಲು ಬಾರದ ನಾಗವ್ವ ತನ್ನದೇ ಒಂದು ಪದ್ಧತಿ ಮಾಡಿಕೊಂಡಳು. ಅವಳಿಂದ ದಿನಾ ರೊಟ್ಟಿ ಬೇಕಾದವರು ಒಂದು ಚುಂಬಕ ತಂದುಕೊಡಬೇಕು. ಫ್ರಿಜ್ಜಿಗೆ ಅಂಟಿಸುವ ಬಣ್ಣದ ಗೊಂಬೆ ಚುಂಬಕ. ತಾಯಪ್ಪ ಬದನೆಕಾಯಿ ತಂದ. ಮೊದಲ ಅಂತಸ್ತಿನ ಸಾವಿತ್ರಿಬಾಯಿ ಟೀಚರು ಮಾವಿನಹಣ್ಣು ಕೊಟ್ಟರು. ವಾಕಡದ ಇಂಪನಾ ಮೈಸೂರಿಗೆ ಹೋದಾಗ ಕರಿ ಆನೆ ತಂದಳು. ಅವಳ ಜೊತೆ ಕೆಲಸ ಮಾಡುವ ಮಧುಕರ ಆಟೋ ತಂದ, ಅಭಿಲಾಷಾ ಹಳದಿ ಟ್ಯಾಕ್ಸಿ ತಂದಳು. ಮನೆಯವರಿಗೂ ರಿಯಾಯಿತಿ ಇರಲಿಲ್ಲ. ಮಲಕಪ್ಪನ ಗುರುತು ಹಳೇ ರೇಡಿಯೋದ ಸ್ಪೀಕರಿನಿಂದ ಕಿತ್ತ ಕರಿ ಬಿಲ್ಲೆ. ಮುಂಜಾನೆ ಫೋನು ಬಂದರೆ, ರೊಟ್ಟಿ ಬೇಕೆಂದವರ ಚುಂಬಕ ಫ್ರಿಜ್ಜಿನ ಮೇಲಿನ ಬಾಗಿಲಿಗೆ, ಬೇಡವೆಂದವರದು ಕೆಳಗಿನ ಬಾಗಿಲಿಗೆ. ಕಿವಿಯಿಂದ ಕೇಳಿದ್ದನ್ನು ಆನೆಗೋ ಆಟೋಗೋ ಒಪ್ಪಿಸಿ ಅವಳು ಮರೆತುಬಿಡುತ್ತಿದ್ದಳು. ಮಧ್ಯಾಹ್ನ ಹಿಟ್ಟು ಕಲಸುವಾಗ ಒಮ್ಮೆ ಕಣ್ಣು ಹಾಯಿಸಿದರೆ ಮುಗಿಯಿತು. ಸಂಜೆ ಮಲಕಪ್ಪ ಬಟ್ಟೆ ಸುತ್ತಿದ ಗಂಟುಗಳನ್ನು ಸ್ಕೂಟರಿನಲ್ಲಿಟ್ಟುಕೊಂಡು ಮುಟ್ಟಿಸಿ ಬರುತ್ತಿದ್ದ.

ಆ ಮನೆಯಲ್ಲಿ ಫ್ಲ್ಯಾಟು ಮಗ ಸ್ವಪ್ನಿಲನದು, ಪಿಂಚಣಿ ಗಂಡನದು, ದೊಡ್ಡ ಕಪಾಟು ಸೊಸೆಯದು. ನಾಗವ್ವನದು ಅನ್ನುವುದು ಈ ರೊಟ್ಟಿಯ ಕೆಲಸ ಒಂದೇ. ಅದಕ್ಕೇ ಆನೆ ಜಾರಿ ಬಿದ್ದಾಗ ಅವಳಿಗೆ ಅನ್ನಿಸಿದ್ದು ಒಂದೇ. ಯಾರಿಗೋ ಈ ಕೆಲಸ ಬೇಡವಾಗಿದೆ.

ಯೋಚಿಸಿದಷ್ಟೂ ಅನುಮಾನಕ್ಕೆ ಕಾಲು ಮೂಡಿತು. ಯುಗಾದಿ ಪಾಡವ್ಯಾದ ಮುಂಚೆ ಹಳೇ ಫ್ರಿಜ್ಜು ಕೆಟ್ಟಾಗ ಅಂಗಡಿಗೆ ಹೋದವರು ಮಗ, ಸೊಸೆ, ಗಂಡ. ರೊಟ್ಟಿ ಬಡಿಯುವುದಿದ್ದ ಕಾರಣ ಅವಳು ಹೋಗಲಿಲ್ಲ. ಆ ದಿನ ಕರಿ ಬಿಲ್ಲೆ ತನ್ನ ಜಾಗದಲ್ಲಿರಲಿಲ್ಲ. ಎಲ್ಲೋ ಹಿಂದೆ ಬಿದ್ದಿರಬೇಕು ಅಂದುಕೊಂಡಳು. ಸಂಜೆ ನೋಡಿದರೆ ಅದು ಮತ್ತೆ ಅಲ್ಲೇ ಇತ್ತು. "ಈ ಫ್ರಿಜ್ಜ ಆರಿಸಿದವರು ಯಾರೋ?" ಎಂದು ಮಗನನ್ನು ಕೇಳಿದರೆ, "ಎಲ್ಲಾರೂ ಕೂಡೇ ಆರಿಸಿದ್ವಿ ಆಯಿ," ಎಂದು ಮೊಬೈಲಿನಲ್ಲಿ ಮುಖ ಹುದುಗಿಸಿದ. ಎಲ್ಲರೂ ಕೂಡಿ ಆರಿಸಿದ್ದು ಅಂದರೆ ಯಾರೋ ಒಬ್ಬರು ಆರಿಸಿ ಉಳಿದವರು ತಲೆ ಆಡಿಸಿದ್ದು ಎಂಬುದು ನಾಗವ್ವನಿಗೆ ಗೊತ್ತಿತ್ತು. ಆ ಒಬ್ಬರು ಗಾಜಿನಲ್ಲಿ ಮುಖ ನೋಡಿಕೊಂಡವರೇ ಇರಬೇಕು.

ಈಗ ಚುಂಬಕಗಳಿಗೆ ಜಾಗ ಹುಡುಕಬೇಕಾಯಿತು. ಫ್ರಿಜ್ಜಿನ ಒಂದು ಬದಿ ಗೋಡೆಗೆ, ಇನ್ನೊಂದು ಬದಿ ಒಲೆಕಟ್ಟೆಗೆ ಅಂಟಿಕೊಂಡಿತ್ತು, ಕೈ ತೂರುವಂತಿರಲಿಲ್ಲ. ಸ್ಟೀಲಿನ ಡಬ್ಬಿಗಳಿಗೆ ಹಚ್ಚಿದಳು, ಒಳ್ಳೆ ಸ್ಟೀಲೆಂದು ಆರಿಸಿ ತಂದವು ಒಂದನ್ನೂ ಹಿಡಿಯಲಿಲ್ಲ. ಕುಕ್ಕರು ಹಿಡಿಯಲಿಲ್ಲ. ಕಿಟಕಿಯ ಸರಳಿಗೆ ಹಿಡಿದವು, ಆದರೆ ಗಾಳಿ ಬಂದರೆ ತಿರುಗಿ ನಿಲ್ಲುತ್ತಿದ್ದವು. ಕಬ್ಬಿಣದ ಕಪಾಟು ಚೆನ್ನಾಗಿ ಹಿಡಿಯುತ್ತಿತ್ತು. ಅದು ಮಗ ಸೊಸೆಯ ಕೋಣೆಯಲ್ಲಿ. ದಿನಕ್ಕೆ ಹತ್ತು ಸಲ ಆ ಬಾಗಿಲು ತಟ್ಟುವುದು ಅವಳಿಂದ ಆಗದ ಮಾತು. ಕೊನೆಗೆ ಗ್ಯಾಸ್ ಸಿಲಿಂಡರು ಸಿಕ್ಕಿತು. ಕೆಂಪಗೆ, ದುಂಡಗೆ, ಗಟ್ಟಿಯಾಗಿ ಹಿಡಿಯುತ್ತಿತ್ತು. ನಾಗವ್ವ ಸಮಾಧಾನದ ಉಸಿರು ಬಿಟ್ಟಳು. ಮಾರನೇ ವಾರ ಗ್ಯಾಸಿನವನು ಬಂದು ಖಾಲಿ ಸಿಲಿಂಡರು ಹೆಗಲಿಗೇರಿಸಿಕೊಂಡು ಹೋದ. ಅದರ ಹಿಂಬದಿಯಲ್ಲಿ ತಾಯಪ್ಪನ ಬದನೆಕಾಯಿ ಕೂತಿತ್ತು.

"ಅಕ್ಕಾರ, ನನ್ನನ್ನ ಗ್ಯಾಸ್ ಗೋಡೌನಿಗೆ ಕಳಿಸಿಬಿಟ್ರ್ಯಾ?" ಎಂದು ತಾಯಪ್ಪ ಆ ರಾತ್ರಿ ರೊಟ್ಟಿ ಸಿಗದೆ ವಡಾಪಾವ್ ತಿಂದು ಬಂದು ನಕ್ಕ. ನಾಗವ್ವನಿಗೆ ನಗು ಬರಲಿಲ್ಲ.

ಕಡೆಗೆ ಒಗ್ಗಿದ್ದು ಜೋಳ ತುಂಬಿದ ತಗಡಿನ ಪೀಪಾಯಿ. ಅಡಿಗೆಮನೆಗೂ ಪಡಸಾಲೆಗೂ ನಡುವಿನ ಓಣಿಯಲ್ಲಿ ನಿಂತಿರುತ್ತಿತ್ತು. ಅದರ ಹೊಟ್ಟೆಯ ಸುತ್ತ ಒಂದು ಉಬ್ಬು ಗೆರೆ. ಗೆರೆಯ ಮೇಲೆ ರೊಟ್ಟಿ ಬೇಕಾದವರು, ಗೆರೆಯ ಕೆಳಗೆ ಬೇಡವಾದವರು. ಜಾಗವೇನೋ ಸಿಕ್ಕಿತು. ಆದರೆ ಓಣಿಯಲ್ಲಿ ಎಲ್ಲರೂ ಓಡಾಡುತ್ತಾರೆ.

ಅಲ್ಲಿಂದ ತಪ್ಪುಗಳು ಶುರುವಾದವು. ಒಂದು ಸಂಜೆ ಇಂಪನಾಳ ಫೋನು. "ಆಂಟಿ, ರೊಟ್ಟಿ ಬಂದೇ ಇಲ್ಲ. ಬೆಳಿಗ್ಗೆ ಹೇಳಿದ್ನಲ್ಲಾ?" ನಾಗವ್ವ ಓಣಿಗೆ ಹೋಗಿ ನೋಡಿದಳು. ಆನೆ ಗೆರೆಯ ಕೆಳಗಿತ್ತು. ತಾನೇ ಮರೆತೆನೇನೋ ಅಂದುಕೊಂಡಳು. ಎರಡು ದಿನ ಬಿಟ್ಟು ಆಟೋ ಕೆಳಗೆ. ಆಮೇಲೆ ಟ್ಯಾಕ್ಸಿ. ಮಧುಕರನಂತೂ, "ಆಂಟಿ, ಬ್ಯುಸಿ ಇದ್ರೆ ಹೇಳ್ಬಿಡಿ, ನಾವು ಬೇರೆ ಕಡೆ ನೋಡ್ಕೋತೀವಿ," ಎಂದ. ಮೆತ್ತಗೆ ಹೇಳಿದ್ದರಿಂದ ಅದು ಇನ್ನಷ್ಟು ಚುಚ್ಚಿತು.

ನಾಗವ್ವ ಸೊಸೆಯ ಕೈಗಳನ್ನು ನೋಡತೊಡಗಿದಳು. ಸಾಲ ಠೇವಣಿಯ ಪತಸಂಸ್ಥೆಯಲ್ಲಿ ಕೆಲಸ ಮುಗಿಸಿ ಬಂದವಳು ಓಣಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತಾಳೆ, ಚಪ್ಪಲಿ ಬಿಡುವ ನೆಪದಲ್ಲಿ ಯಾಕೆ ಪೀಪಾಯಿಗೆ ಕೈ ಊರುತ್ತಾಳೆ. ಒಮ್ಮೆ ಮಾಧುರಿ ಗಂಡನಿಗೆ, "ಸಂಜೀಕ ಈ ಅಡಿಗಿಮನ್ಯಾಗ ಒಂದ ಕಪ್ ಚಹಾ ಮಾಡಾಕೂ ಜಾಗಾ ಇಲ್ಲ ನೋಡ್ರಿ," ಎಂದದ್ದು ಕೇಳಿಸಿತು. ಅಷ್ಟು ಸಾಕಾಗಿತ್ತು. ಸೊಸೆಯ ತವರು ಸೋಲಾಪುರ. "ಸೋಲಾಪುರದವರು ಬಾಯಿ ಬಿಚ್ಚಂಗಿಲ್ಲ, ಕೈಲೇ ಮಾಡಿ ತೋರಸ್ತಾರ," ಎಂದು ಗಂಡನ ಮುಂದೆ ಕುದಿದಳು. ಮಲಕಪ್ಪ ಪತ್ರಿಕೆಯ ಹಿಂದಿನಿಂದ, "ಇರಬಹುದು, ಇರಬಹುದು," ಎಂದ. ಯಾವತ್ತೂ ಸೊಸೆಯ ಪರ ಮಾತಾಡುವ ಮನುಷ್ಯ ಅವತ್ತು ಯಾಕೆ ಒಪ್ಪಿಕೊಂಡ ಎಂದು ಅವಳಿಗೆ ಹೊಳೆಯಲಿಲ್ಲ.

ಶನಿವಾರ ಮಾಧುರಿಗೆ ಅರ್ಧ ದಿನ ಕೆಲಸ. ಅವತ್ತು ಮುಂಜಾನೆ ಇಂಪನಾ ರೊಟ್ಟಿ ಬೇಕೆಂದು ಹೇಳಿದ ಕೂಡಲೇ ನಾಗವ್ವ ಹಂಚಿನ ಬುಡದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಕರಿ ಆನೆಯ ಬೆನ್ನಿಗೆ ಬಳಿದಳು. ಕರಿಯ ಮೇಲೆ ಕರಿ, ಯಾರಿಗೂ ಕಾಣುವಂತಿರಲಿಲ್ಲ. ಆನೆಯನ್ನು ಗೆರೆಯ ಮೇಲೆ ಕೂರಿಸಿ, ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ಮಹಡಿಯ ಮೇಲಿನ ಗಚ್ಚಿಗೆ ಹೋದಳು. ಮೇಲಿನಿಂದ ಮಾಧುರಿ ಗೇಟಿನೊಳಗೆ ಬರುವುದನ್ನು ನೋಡಿದಳು. ಸ್ವಲ್ಪ ತಡೆದು ಕೆಳಗಿಳಿದಳು.

ಆನೆ ಗೆರೆಯ ಮೇಲೆಯೇ ಇತ್ತು. ಮಾಧುರಿಯ ಬೆರಳುಗಳು ಮಾತ್ರ ಕಪ್ಪಾಗಿದ್ದವು. ಹಣೆಯ ಬೆವರು ಒರೆಸಿಕೊಂಡಿದ್ದಳೇನೋ, ಅಲ್ಲೂ ಒಂದು ಪಟ್ಟೆ.

"ಸಿಕ್ಕಿ ನೋಡು! ಅತ್ತಿ ಅನ್ನಾಕಿ ಎಷ್ಟ ದಿನ ಕುರುಡಿ ಇರ್ತಾಳಂತ ತಿಳದಿದ್ದಿ?"

"ಏನಾತ್ರಿ?"

"ನನ್ನ ರೊಟ್ಟಿ ಬಂದ್ ಮಾಡಬೇಕಂತ ಗಾಜಿನ ಫ್ರಿಜ್ಜ ತಂದಿ. ಅದು ಸಾಲಲಿಲ್ಲ. ಈಗ ದಿನಾ ಒಂದೊಂದ ಕೆಳಗ ಇಳಸ್ತಿ!"

ಮಾಧುರಿ ತನ್ನ ಬೆರಳು ನೋಡಿಕೊಂಡಳು, ಆನೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ನಾ ಬಂದಾಗ ಅದು ಕೆಳಗ ಇತ್ರಿ. ಆ ಹುಡುಗಿ ಮುಂಜಾನೆ ಫೋನ್ ಮಾಡಿದ್ದು ನಾನೂ ಕೇಳೀನಿ. ಅದಕ್ಕ ಎತ್ತಿ ಮ್ಯಾಲ ಹಚ್ಚಿದೆ. ಸುಳ್ಳ ಯಾಕ ಹೇಳ್ಲಿ, ಸಂಜೀಕ ಅಡಿಗಿಮನಿ ಖಾಲಿ ಸಿಕ್ಕರ ನನಗೂ ಛಲೋನ. ಆದ್ರ ಅದಕ್ಕ ನಾ ಆನೀ ಇಳಸಂಗಿಲ್ಲ, ಬಾಯಿಲೆ ಹೇಳ್ತೀನಿ. ಇನ್ನ ಫ್ರಿಜ್ಜಂದ್ರಿ? ನನಗ ಬೇಕಾಗಿದ್ದು ಕೆಂಪಂದು, ತಗಡಿಂದು. ಗಾಜಿಂದ ಬೇಕಂತ ಹಟ ಹಿಡದವರು ಮಾವಾರು."

"ಅವರ್ಯಾಕ ಹಟ ಹಿಡೀತಾರ?"

"ಅದು ನನಗೇನ ಗೊತ್ರಿ. ಅಂಗಡ್ಯಾಗ ಕಿಸೇದಾಗಿಂದ ಆ ಕರಿ ಬಿಲ್ಲಿ ತಗದು ಒಂದೊಂದ ಫ್ರಿಜ್ಜಿಗೆ ಹಚ್ಚಿ ನೋಡಾಕಹತ್ತಿದ್ರು. ನಿಮ್ಮ ಸಲುವಾಗಿ ಹಿಡಿಯೂದು ಹುಡುಕಾಕಹತ್ಯಾರ ಅಂತ ನಾ ತಿಳದೆ. ಹಿಡಿದಿದ್ದನ್ನೆಲ್ಲಾ ಬಿಟ್ಟು, ಬಿಲ್ಲಿ ಜಾರಿ ಬಿದ್ದದ್ದನ್ನ 'ಇದ ಇರ್ಲಿ' ಅಂದ್ರು."

ನಾಗವ್ವ ಪೀಪಾಯಿಯನ್ನೇ ನೋಡುತ್ತ ನಿಂತಳು. ಕೆಳಗಿಳಿಯುತ್ತಿದ್ದವು ಆನೆ, ಆಟೋ, ಟ್ಯಾಕ್ಸಿ. ಮಾವಿನಹಣ್ಣು ಒಂದು ದಿನವೂ ಇಳಿದಿರಲಿಲ್ಲ. ತಾಯಪ್ಪ ಬದನೆಕಾಯಿಯ ಬದಲಿಗೆ ತಂದುಕೊಟ್ಟ ಗಿಣಿಯೂ ಇಳಿದಿರಲಿಲ್ಲ. ಆನೆ, ಆಟೋ, ಟ್ಯಾಕ್ಸಿ ಮೂರೂ ವಾಕಡದ ಒಂದೇ ಬಹುಮಹಡಿ ಕಟ್ಟಡದವು. ಯಾವ ಚುಂಬಕ ಯಾವ ಕಟ್ಟಡದ್ದು ಎಂದು ಸೊಸೆಗೆ ಗೊತ್ತಿಲ್ಲ. ಗೊತ್ತಿರುವುದು ಅಲ್ಲಿಗೆ ದಿನಾ ಸ್ಕೂಟರು ಓಡಿಸುವವನಿಗೆ.

ಪಡಸಾಲೆಯಲ್ಲಿ ಮಲಕಪ್ಪ ಪತ್ರಿಕೆ ಹಿಡಿದು ಕೂತಿದ್ದ. ಪತ್ರಿಕೆಯ ಅಂಚಿನ ಮೇಲೆ, ಮೊಹರು ಒತ್ತಿದ ಹಾಗೆ, ಹೆಬ್ಬೆಟ್ಟಿನ ಕಪ್ಪು ಗುರುತು ಮೂಡಿತ್ತು.

"ಕೈ ತೋರಸ್ರಿ."

"ಯಾಕ?"

"ತೋರಸ್ರೀ ಅಂದೆ."

ಮಲಕಪ್ಪ ಕೈ ತೋರಿಸಲಿಲ್ಲ. ಪತ್ರಿಕೆಯನ್ನು ಮಡಚಿದ. ನೆಲ ನೋಡುತ್ತ ಹೇಳಿದ. "ಆ ಬಿಲ್ಡಿಂಗಿನ ವಾಚ್‌ಮನ್ ನನ್ನ ಹೆಸರು ಕೇಳಂಗಿಲ್ಲ. 'ಏ ಡಿಲಿವರಿ' ಅಂತಾನ. ಮುಂದಿನ ಲಿಫ್ಟಿಗೆ ಬಿಡಂಗಿಲ್ಲ. ಹಿಂದಿನ ಲಿಫ್ಟು ಕಸದ ಡಬ್ಬಿ ಒಯ್ಯೂ ಲಿಫ್ಟು. ನನ್ನ ಟೇಬಲ್ ಮುಂದ ಲಾರಿ ಮಾಲಕರು ನಿಂತ ಮಾತಾಡ್ತಿದ್ರು, ಗೊತ್ತದ ಏನ ನಿನಗ? ಈಗ ಕಸದ ಜೋಡಿ ಮ್ಯಾಲ ಹೋಗ್ತೀನಿ."

"ಅದನ್ನ ನನಗ ಹೇಳಬೇಕಿಲ್ಲೇನ್ರಿ? ಕಳ್ಳರಂಗ ನನ್ನ ಆನೀ ಇಳಸೂದು?"

"ಹೇಳಿದ್ರ ನೀ ನಗತಿದ್ದಿ."

"ನಗತಿದ್ನಿ. ನಕ್ಕ ಮ್ಯಾಲ ಏನರ ಮಾಡತಿದ್ನಿ. ಸೊಸೀ ಮ್ಯಾಲ ನಾ ಹಲ್ಲ ಕಡಿಯೂದು ನೋಡಿಕೋತ 'ಇರಬಹುದು, ಇರಬಹುದು' ಅಂತ ಕುಂತಿದ್ರೆಲ್ಲಾ, ಅದಕ್ಕ ಏನಂತೀರಿ?"

ಮಲಕಪ್ಪ ಮಡಚಿದ ಪತ್ರಿಕೆಯನ್ನು ಇನ್ನೊಮ್ಮೆ ಮಡಚಿದ.

ನಾಗವ್ವ ಅಲ್ಲೇ ನಿಂತು ಇಂಪನಾಳಿಗೆ ಫೋನು ಮಾಡಿಸಿದಳು. ಮಾಧುರಿ ಕಪ್ಪು ಬೆರಳಿನಿಂದಲೇ ನಂಬರು ಒತ್ತಿದಳು. "ಇಂಪನಾ, ನಮ್ಮನಿಯವರು ಇನ್ನ ನಿಮ್ಮ ಲಿಫ್ಟ ಹತ್ತಂಗಿಲ್ಲವಾ. ಗೇಟಿನ ಮುಂದ ಬಂದು ಗಾಡಿ ನಿಲ್ಲಸ್ತಾರ. ನೀವ ಕೆಳಗ ಬರ್ರಿ. ಆ ವಾಚ್‌ಮನ್ ಕೇಳೂಹಂಗ ಜೋರಾಗಿ ನಮಸ್ಕಾರ ಅಂದು ಗಂಟು ತಗೋರಿ."

"ಅಯ್ಯೋ ಆಂಟಿ, ಅದಕ್ಕೇನಂತೆ, ಬರ್ತೀವಿ. ಅಂಕಲ್ ಮೊದ್ಲೇ ಹೇಳ್ಬಾರ್ದಿತ್ತಾ?"

"ಅವರ ಬಾಯಾಗ ಪತ್ರಿಕಿ ಇತ್ತವಾ, ಮಾತು ಹೊರಗ ಬರಲಿಲ್ಲ."

ಆ ಸಂಜೆ ಮಲಕಪ್ಪ ವಾಕಡಕ್ಕೆ ಹೋಗಿಬಂದ. ಏನಾಯಿತೆಂದು ಹೇಳಲಿಲ್ಲ, ಆದರೆ ಚಪ್ಪಲಿ ಬಿಡುವಾಗ ಏನನ್ನೋ ಗುನುಗುತ್ತಿದ್ದ. ಊಟಕ್ಕೆ ಕೂತಾಗ ಅವನ ತಾಟಿನಲ್ಲಿ ಅನ್ನ, ತಿಳಿ ಸಾರು.

"ನನಗ ರೊಟ್ಟಿ?"

"ನಿಮ್ಮ ಬಿಲ್ಲಿ ಕೆಳಗ ಅದರಿ," ಎಂದಳು ನಾಗವ್ವ.

ಅವನು ಓಣಿಯ ಕಡೆ ಕತ್ತು ಚಾಚಿ ನೋಡಿದ. ಗೆರೆಯ ಕೆಳಗೆ, ಪೀಪಾಯಿಯ ತಳಕ್ಕೆ ಅಂಟಿದಂತೆ, ಕರಿ ಬಿಲ್ಲೆ ಒಂಟಿಯಾಗಿ ಕೂತಿತ್ತು. ಅನ್ನ ಕಲಸಿಕೊಂಡ. ಸೊಸೆಯ ಬಳಿ ತಪ್ಪಾಯಿತು ಎನ್ನುವ ಮಾತು ನಾಗವ್ವನ ನಾಲಿಗೆಯ ತುದಿಯವರೆಗೂ ಬಂದು ನಿಂತಿತು. ಅದರ ಬದಲಿಗೆ ಅವಳು ಮಾಧುರಿಯ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಮಲಗುವ ಮೊದಲು ಹಂಚಿನ ಬುಡ ಕೆರೆದು ಕರಿ ಬಿಲ್ಲೆಗೆ ಮಸಿ ಬಳಿದಿಟ್ಟಳು.

ಮುಂಜಾನೆ ನೋಡಿದರೆ ಬಿಲ್ಲೆ ಗೆರೆಯ ಮೇಲೆ, ಆನೆಯ ಪಕ್ಕದಲ್ಲಿ ಕೂತಿತ್ತು. ನಾಗವ್ವ ನೇರವಾಗಿ ಗಂಡನ ಕೈಗಳನ್ನು ನೋಡಿದಳು. ಎರಡೂ ಸ್ವಚ್ಛವಾಗಿದ್ದವು. ಬಚ್ಚಲ ಮೋರಿಯ ಹತ್ತಿರ ಮಾಧುರಿ ಬೆನ್ನು ತಿರುಗಿಸಿ ನಿಂತು, ನೊರೆ ಏಳುವ ಹಾಗೆ ಸೋಪು ತಿಕ್ಕಿ ಕೈ ತೊಳೆಯುತ್ತಿದ್ದಳು. ಕೆಳಗೆ ಬೀಳುವ ನೀರು ಕಪ್ಪಗಿತ್ತು.

ನಾಗವ್ವ ಪೀಪಾಯಿಯ ಮುಚ್ಚಳ ತೆಗೆದು, ಬೀಸಿಸಲು ಜೋಳ ಅಳೆಯುವಾಗ ಒಬ್ಬರ ಪಾಲು ಹೆಚ್ಚಿಗೆ ತೆಗೆದಳು.