ಕಿಟಕಿಯ ಬಳಿ ಇಟ್ಟ ಬಂದೂಕು

ಎರಡು ವರ್ಷದ ಹಿಂದಿನ ಆಯುಧಪೂಜೆಯ ದಿನ ನಡೆದದ್ದು ಇದು. ನಾವಿರುವುದು ಟೊರಾಂಟೊ ಪಕ್ಕದ ಮಿಸಿಸಾಗಾದ ಮೆಡೋವೇಲ್‌ನಲ್ಲಿ. ಮನೆಯಲ್ಲಿ ನಾನು, ನನ್ನ ಗಂಡ ನಂಜುಂಡ, ಮೈಸೂರಿನಿಂದ ಬಂದು ನಮ್ಮೊಂದಿಗೇ ಇರುವ ಅತ್ತೆ. ಅತ್ತೆಗೆ ಕಿವಿ ಮಂದ, ಇಂಗ್ಲಿಷ್ ಬಾರದು, ಹಠಕ್ಕೆ ಮಾತ್ರ ಏನೂ ಕಡಿಮೆಯಿಲ್ಲ.

ನಮ್ಮ ಯಜಮಾನರಿಗೆ ಬೇಟೆಯ ಹುಚ್ಚು ಹಿಡಿದದ್ದು ಕೆನಡಾಕ್ಕೆ ಬಂದ ಮೇಲೆ. ಪರೀಕ್ಷೆ ಬರೆದು ಲೈಸೆನ್ಸ್ ಪಡೆದು, ಪ್ರತಿ ವರ್ಷ ಒಂಟಾರಿಯೋದ ಕಾಡಿನಲ್ಲಿ ಜಿಂಕೆ ಹುಡುಕಿ ಅಲೆದು, ಬಹುಪಾಲು ನೆಗಡಿ ಹೊತ್ತುಕೊಂಡು ಬರುತ್ತಿದ್ದರು. ಆ ವರ್ಷ ಆಸೆ ದೊಡ್ಡದಾಯಿತು. ವಿಮಾನ ಹತ್ತಿ ಆಲ್ಬರ್ಟಾ ಪ್ರಾಂತ್ಯದ ಬೆಟ್ಟಗಳಿಗೆ ಹೋಗಿ ಎಲ್ಕ್ ಹೊಡೆಯಬೇಕಂತೆ. ಎಲ್ಕ್ ಅಂದರೆ ನಮ್ಮ ಕಡವೆಯ ಥರದ, ಅದಕ್ಕಿಂತಲೂ ದೊಡ್ಡ ಪ್ರಾಣಿ. ಅದು ಸಿಗದಿದ್ದರೆ ಜಿಂಕೆಯಾದರೂ ಸರಿ. ಹೊರ ಪ್ರಾಂತ್ಯದವರು ಅಲ್ಲಿ ಬೇಟೆಗೆ ಹೋಗಲು ಅಲ್ಲಿಯವರೇ ಒಬ್ಬರು ಜೊತೆಗಿರಬೇಕು. ಅದಕ್ಕೆ ಕ್ಯಾಲ್ಗರಿಯಲ್ಲಿದ್ದ ಹಳೆಯ ಸಹೋದ್ಯೋಗಿಯೊಬ್ಬರನ್ನು ಕಾಡಿಬೇಡಿ ಒಪ್ಪಿಸಿದರು. ಇಲ್ಲಿಂದ ಜೊತೆಗೆ ಹೊರಟವರು ಸ್ಕಾರ್‌ಬರೋದ ಸತೀಶ್ ಶೆಟ್ಟರು, ಉಡುಪಿ ಕಡೆಯವರು.

ಇಡೀ ಬೇಸಿಗೆ ಇಬ್ಬರೂ ನಮ್ಮ ಬೇಸ್‌ಮೆಂಟಿನಲ್ಲಿ ಮ್ಯಾಪು ಹರಡಿಕೊಂಡು ಕೂತದ್ದೇ ಕೂತದ್ದು. ಎಲ್ಕ್ ಯಾವ ಇಳಿಜಾರಿನಲ್ಲಿ ಮೇಯಲು ಬರುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದೆಲ್ಲ ಲೆಕ್ಕ ಹಾಕಿ ಕೆಂಪು ಇಂಕಿನಲ್ಲಿ ಗುರುತು ಹಾಕುತ್ತಿದ್ದರು. ಶೆಟ್ಟರ ಚಿಂತೆ ಬೇರೆ.

“ಮಾರಾಯ, ಹೊಡೆಯುವುದು ದೊಡ್ಡ ಸಂಗತಿ ಅಲ್ಲ. ಹೊಡೆದದ್ದನ್ನು ಗುಡ್ಡೆ ಇಳಿಸ್ಲಿಕ್ಕೆ ನಿನಗೆ ಬೆನ್ನು ಉಂಟಾ?” ಎಂದು ಕೇಳಿದರು.

ಮರುದಿನದಿಂದ ಇವರು ಬ್ಯಾಕ್‌ಪ್ಯಾಕಿನಲ್ಲಿ ಅಕ್ಕಿ ಮೂಟೆ ಹೊತ್ತುಕೊಂಡು ಮೆಟ್ಟಿಲು ಹತ್ತಿ ಇಳಿಯತೊಡಗಿದರು. ಅನ್ನಕ್ಕಿಡುವ ಹೊತ್ತಿಗೆ ಅಕ್ಕಿ ಬೇಕೆಂದರೆ ನಾನು ಇವರನ್ನು ಹುಡುಕಿಕೊಂಡು ಹೋಗಬೇಕಿತ್ತು.

ಹೊರಡುವ ಮೊದಲು ಆಯುಧಪೂಜೆ ಬಂತು. ಬೆಟ್ಟಕ್ಕೆ ಹೋಗುವ ಸಾಮಾನೆಲ್ಲ ಪೂಜೆಯಾಗಿಯೇ ಹೋಗಬೇಕೆಂದು ಅತ್ತೆ ಅಪ್ಪಣೆ ಮಾಡಿದರು. ಬಂದೂಕು ಹಾರಲು ಬೇಕಾದ ಬೋಲ್ಟು, ಗುಂಡು ಎರಡೂ ಬೇಸ್‌ಮೆಂಟಿನ ಕಬ್ಬಿಣದ ಪೆಟ್ಟಿಗೆಯಲ್ಲೇ ಇದ್ದವು. ಟ್ರಿಗ್ಗರಿಗೆ ಬೀಗವೂ ಇತ್ತು. ಕೆಳಗೇ ಪೂಜೆ ಮಾಡೋಣವೆಂದರೆ ಅತ್ತೆ ಒಪ್ಪಲಿಲ್ಲ, ಪೂರ್ವಕ್ಕೇ ಇಡಬೇಕೆಂದರು. ನಮ್ಮ ಮನೆಯಲ್ಲಿ ಪೂರ್ವ ಅಂದರೆ ಬೀದಿ ಕಡೆಯ ದೊಡ್ಡ ಕಿಟಕಿ. ಅದರ ಮುಂದೆ ಮೇಜಿಟ್ಟು ಚಾಕು, ಎಲುಬು ಕತ್ತರಿಸುವ ಗರಗಸ, ಹಗ್ಗ, ಮಾಂಸ ಹೊರುವ ದೊಡ್ಡ ಚೀಲಗಳು, ಆ ಕೆಂಪು ಗುರುತಿನ ಮ್ಯಾಪು ಎಲ್ಲ ಜೋಡಿಸಿದೆವು. ಬಂದೂಕನ್ನು ಕಿಟಕಿಗೇ ಒರಗಿಸಿ ನಿಲ್ಲಿಸಿದೆವು. ಬೆಳಕು ಬರಲೆಂದು ಅತ್ತೆ ಪರದೆ ಸರಿಸಿದರು.

ಅತ್ತೆ ಹೂವು ಮುಡಿಸುತ್ತಿದ್ದಾಗ ನಾವಿಬ್ಬರು ಕಾರಿನ ಪೂಜೆಗೆ ಹೊರಗೆ ಬಂದೆವು. ಚಕ್ರಗಳಿಗೆ ನಿಂಬೆಹಣ್ಣು ಇಟ್ಟದ್ದಾಯಿತು. ಇವರು ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ನೀವಾಳಿಸಿ ಡ್ರೈವ್‌ವೇ ಮೇಲೆ ಒಡೆದರು. ಸಿಮೆಂಟಿನ ಮೇಲೆಲ್ಲ ಕೆಂಪು ಚೆಲ್ಲಿತು. ಇವರ ಎರಡೂ ಕೈ ಮೊಣಕೈವರೆಗೆ ಕೆಂಪಾದವು.

ಆಗಲೇ ಪೊಲೀಸ್ ಕಾರುಗಳು ಬಂದು ರಸ್ತೆಗೆ ಅಡ್ಡಲಾಗಿ ನಿಂತವು. ಕಿಟಕಿಯಲ್ಲಿ ಬಂದೂಕು ಕಂಡವರು ಯಾರೋ ಫೋನು ಮಾಡಿದ್ದರು. ಅವರನ್ನು ನಾನು ಇಂದಿಗೂ ತಪ್ಪು ಎನ್ನುವುದಿಲ್ಲ. ಪೊಲೀಸರು ಕಾರಿನ ಬಾಗಿಲ ಹಿಂದೆ ನಿಂತು ನಮ್ಮತ್ತ ಪಿಸ್ತೂಲು ಹಿಡಿದು, ಕೈ ಮೇಲೆತ್ತಿ ಎಂದು ಕೂಗಿದರು. ಇವರು ಆ ಕೆಂಪು ಕೈಗಳನ್ನೇ ಎತ್ತಿದರು. ಪೊಲೀಸರ ದನಿ ಇನ್ನೂ ಗಡುಸಾಯಿತು. ಇವರನ್ನು ಮಂಡಿಯೂರಲು ಹೇಳಿದರು. ಇದು ಪೂಜೆ, ಕುಂಕುಮ ಎಂದು ನಾನು ಇಂಗ್ಲಿಷಿನಲ್ಲಿ ಹೇಳಲು ಹೋದರೆ ನಾಲಿಗೆಯೇ ಹೊರಳಲಿಲ್ಲ.

ಒಳಗೆ ಯಾರಿದ್ದಾರೆ ಎಂದು ಒಬ್ಬ ಅಧಿಕಾರಿ ಕೇಳಿದ. ಅತ್ತೆ, ಕಿವಿ ಕೇಳಿಸುವುದಿಲ್ಲ ಎಂದೆ. ಎಲ್ಲರ ಕಣ್ಣೂ ಕಿಟಕಿಯತ್ತ ಹೋಯಿತು. ಅತ್ತೆ ಬಂದೂಕಿನ ಪಕ್ಕದಲ್ಲೇ ನಿಂತಿದ್ದರು. ಜಾರುತ್ತಿದ್ದ ಹೂವನ್ನು ಸರಿಮಾಡಲು ಕೈ ಚಾಚಿದರು. ಒಂದು ಪಿಸ್ತೂಲು ಅವರ ಕಡೆ ತಿರುಗಿತು. ಅವರು ಬಂದೂಕನ್ನು ನೆಟ್ಟಗೆ ನಿಲ್ಲಿಸಲೆಂದು ಎತ್ತಿಬಿಟ್ಟರೆ ಮುಗಿಯಿತು. ಮುಟ್ಟಬೇಡಿ ಎಂದು ಕೂಗಿದೆ, ಆ ದಪ್ಪ ಗಾಜಿನಾಚೆಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ಅತ್ತೆ ತಲೆಯೆತ್ತಿ ಹೊರಗೆ ನೋಡಿದರು. ಮಂಡಿಯೂರಿದ್ದ ಮಗ ಕಾಣಿಸಿದ. ಅವರು ಕಿಟಕಿಯಿಂದ ಮರೆಯಾದರು. ಬಾಗಿಲು ತೆರೆಯಿತು. ಹಚ್ಚಿದ ಆರತಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಬಂದರು. ನಿಲ್ಲು, ಕೈಯಲ್ಲಿರುವುದನ್ನು ಕೆಳಗಿಡು ಎಂದು ಪೊಲೀಸರು ಕೂಗುತ್ತಲೇ ಇದ್ದರು. ಅವರು ನಿಲ್ಲಲಿಲ್ಲ. ಒಂದೇ ನಡಿಗೆಯಲ್ಲಿ ನಡೆದು ಬಂದು ಮಗನಿಗೂ ಪಿಸ್ತೂಲುಗಳಿಗೂ ನಡುವೆ ನಿಂತರು.

ತಟ್ಟೆ ಕೆಳಗಿಡಲು ಹೇಳು ಎಂದು ಅಧಿಕಾರಿ ನನಗೆ ಹೇಳಿದ. ನಾನು ಗಂಟಲು ಹರಿಯುವಂತೆ ಅದನ್ನೇ ಅತ್ತೆಗೆ ಕೂಗಿ ಹೇಳಿದೆ.

“ಹಚ್ಚಿದ ಆರತೀನ ನೆಲಕ್ಕಿಡಕ್ಕಾಗಲ್ಲ,” ಎಂದರು ಅತ್ತೆ. “ಮೊದ್ಲು ಅವ್ರು ಇಳಿಸ್ಲಿ.”

ಇದನ್ನು ಹೇಗೆ ಇಂಗ್ಲಿಷಿಗೆ ತಿರುಗಿಸಲಿ? ಅದು ಬೆಂಕಿ, ಕೈ ಬಿಟ್ಟರೆ ಸೀರೆಗೆ ಹತ್ತಿಕೊಳ್ಳುತ್ತದೆ, ನಾನೇ ಹೋಗಿ ತೆಗೆದುಕೊಳ್ಳುತ್ತೇನೆ ಎಂದು ಬೇಡಿಕೊಂಡೆ. ಅವನು ನಿಧಾನ ಹೋಗು ಎಂದ. ಕೈ ಎತ್ತಿಕೊಂಡೇ ನಡೆದೆ. ಬೆನ್ನ ಹಿಂದೆ ಯಾವ ಸದ್ದಾದೀತೋ ಎಂದು ಒಂದೊಂದೇ ಹೆಜ್ಜೆ ಇಟ್ಟೆ. ತಟ್ಟೆ ಈಸಿಕೊಂಡಾಗ ಅತ್ತೆಯ ಬೆರಳು ತಣ್ಣಗೆ ಕೊರೆಯುತ್ತಿದ್ದವು. ಅವರ ಕೈ ಖಾಲಿಯಾದ ಮೇಲೆ ಪಿಸ್ತೂಲುಗಳು ಇಳಿದವು.

ಆಮೇಲೆ ಪೊಲೀಸರು ಒಳಗೆ ಹೋಗಿ ನೋಡಿದರು. ಬೀಗ, ಲೈಸೆನ್ಸು ಎಲ್ಲ ಸರಿಯಾಗಿತ್ತು. ಆದರೆ ಮೇಜಿನ ಮೇಲಿನ ಗರಗಸ, ಹಗ್ಗ, ಚೀಲ, ಕೆಂಪು ಗುರುತಿನ ಮ್ಯಾಪು ನೋಡಿ ಅವರ ಮುಖ ಮತ್ತೆ ಬಿಗಿಯಾಯಿತು. ಇವರು ಎಲ್ಕ್ ಇಳಿಯುವ ದಾರಿಯಿಂದ ಹಿಡಿದು ಮಾಂಸ ಹೊರುವವರೆಗೆ ಇಡೀ ಪ್ರವಾಸದ ಯೋಜನೆಯನ್ನು ಪೊಲೀಸರಿಗೆ ಒಪ್ಪಿಸಿದರು. ಇನ್ನು ಮುಂದೆ ಬಂದೂಕು ಕಿಟಕಿಯ ಬಳಿ ಬೇಡವೆಂದು ಹೇಳಿ ಅವರು ಹೊರಟರು.

ಇವರು ಪ್ರವಾಸ ಬೇಡವೆಂದು ಕೂತರು. ಪೂಜೆಯಾದ ಮೇಲೆ ನಿಲ್ಲಬಾರದೆಂದು ಅತ್ತೆಯೇ ಹೊರಡಿಸಿದರು. ಇವರು ಬೆಟ್ಟದಲ್ಲಿದ್ದ ಆ ದಿನಗಳಲ್ಲಿ ನಾನು ಫೋನಿನಲ್ಲಿ ಕಂಡಕಂಡವರಿಗೆಲ್ಲ ಈ ಕಥೆ ಹೇಳಿ ನಗುತ್ತಿದ್ದೆ. ಪಾಪ, ನಮ್ಮತ್ತೆಗೆ ಏನೂ ಗೊತ್ತಾಗಲಿಲ್ಲ, ಪೊಲೀಸರಿಗೇ ಆರತಿ ತಂದರು ಎನ್ನುತ್ತಿದ್ದೆ. ಒಮ್ಮೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಅತ್ತೆಯನ್ನೇ ಕೇಳಿದೆ.

“ಅತ್ತೆ, ಅವತ್ತು ಪೊಲೀಸರ ಕೈಯಲ್ಲಿ ಇದ್ದಿದ್ದು ಏನು ಅಂತ ನಿಮಗೆ ಕಾಣ್ಲಿಲ್ವಾ?”

ಅವರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

“ಕಿವಿ ಹೋಗಿರೋದು ಕಣೇ, ಕಣ್ಣಲ್ಲ. ಹೊಡೀತಾರೆ ಅಂತ್ಲೇ ಅಂದ್ಕೊಂಡೆ. ಅದಕ್ಕೇ ಬಂದೆ.”

ಇವರು ಎಲ್ಕ್ ಸಿಗದೆ ಒಂದು ಜಿಂಕೆಯ ಮಾಂಸದೊಂದಿಗೆ ವಾಪಸಾದರು. ಈಗಲೂ ಯಾರಾದರೂ ಆ ಕಥೆ ಹೇಳೆಂದು ಕೇಳುತ್ತಾರೆ. ನಾನು ಹೇಳುತ್ತೇನೆ, ಆದರೆ ಅತ್ತೆ ಬಾಗಿಲು ತೆರೆದು ಹೊರಗೆ ಬಂದ ಜಾಗಕ್ಕೆ ಬಂದಾಗ ನನಗೆ ನಗು ಬರುವುದಿಲ್ಲ.