ಜ್ವರ ಇಲ್ಲ ಅಂದಳು ಅಕ್ಕ

ಮೊನ್ನೆ ಕಡೂರಿನ ನಮ್ಮ ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆ ಕೂತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಯೋಚಿಸುತ್ತಾ ಬಾಲ್‌ಪೆನ್ನನ್ನು ಟಕ್ ಅನ್ನಿಸಿದಳು. ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ. ನಕಲು ಹಿಡಿಯಲು ಎದ್ದರೆಂದು ಮಕ್ಕಳೆಲ್ಲ ಹೆದರಿದರು. ಹೆದರಿದ್ದು ಮೇಷ್ಟ್ರೇ ಎಂದು ಅವರಿಗೆ ಹೇಳಲಾದೀತೇ? ನಿಮಗೆ ಹೇಳುತ್ತೇನೆ.

ಅಜ್ಜಂಪುರದ ಆಚೆ ತೋಟದ ಮನೆಯಲ್ಲಿರುವ ನನ್ನ ಅಕ್ಕನಿಗೆ ಕೀಲುವಾತ. ದೇಹದ ಕಾವಲೇ ತಿರುಗಿಬಿದ್ದು ಕೀಲುಗಳನ್ನು ತಿನ್ನುವ ಕಾಯಿಲೆ. ಮಾತ್ರೆಗಳಿಗೆ ಬಗ್ಗದಿದ್ದಾಗ ಡಾಕ್ಟರು ಕ್ಷಯ ಇಲ್ಲವೆಂದು ಪರೀಕ್ಷೆ ಮಾಡಿಸಿ ಖಾತ್ರಿಪಡಿಸಿಕೊಂಡು, ಬಯಾಲಜಿಕ್ ಎಂಬ ಇಂಜೆಕ್ಷನ್ ಬರೆದರು. ಹದಿನೈದು ದಿನಕ್ಕೊಂದು. ನೋಡಲು ದಪ್ಪನೆಯ ಪೆನ್ನು. ತೊಡೆಗೆ ಒತ್ತಿ ಗುಂಡಿ ಅದುಮಿದರೆ ಟಕ್ ಎನ್ನುತ್ತದೆ, ಔಷಧ ಇಳಿದು ಮುಗಿದಾಗ ಇನ್ನೊಮ್ಮೆ.

ಚುಚ್ಚುವುದನ್ನು ನರ್ಸ್ ಮೊದಲು ಕಲಿಸಲು ಹೊರಟದ್ದು ಭಾವನಿಗೆ. "ಎಮ್ಮೆಗ್ ಬೇಕಾದ್ರೆ ಚುಚ್ತೀನಿ ಕಣಮ್ಮ, ಇವಳಿಗ್ ನನ್ ಕೈಲಿ ಆಗಲ್ಲ" ಎಂದು ಅವರು ಹೊರಗೆ ಹೋಗಿ ನಿಂತರು. ಓದಿದವನೆಂದು ಕೆಲಸ ನನಗೆ ಬಿತ್ತು. ತೋಟದಲ್ಲಿ ಕರೆಂಟನ್ನು ನಂಬುವಂತಿಲ್ಲ, ಪೆನ್ನುಗಳು ನನ್ನ ಫ್ರಿಜ್ಜಿನಲ್ಲೇ ಇರುತ್ತವೆ. ಭಾನುವಾರ ಬಿಟ್ಟು ಭಾನುವಾರ ಐಸ್ ಡಬ್ಬಿ ಹಿಡಿದು ರೈಲು ಹತ್ತುತ್ತೇನೆ. "ಮೀನೇನ್ರೀ?" ಎಂದು ಕೇಳಿದವರೂ ಉಂಟು.

ನಾಲ್ಕು ತಿಂಗಳಲ್ಲಿ ಅಕ್ಕ ತಾನೇ ಜಡೆ ಹೆಣೆದುಕೊಳ್ಳುವಂತಾದಳು. ನನಗೂ ಜಂಬ ಬಂತು. ಜ್ವರ, ಗಾಯ, ಕೆಮ್ಮು ಏನಿದ್ದರೂ ಚುಚ್ಚಬೇಡಿ, ಮೊದಲು ಕೇಳಿ ಎಂದಿದ್ದ ಡಾಕ್ಟರ ಮಾತು ಶಾಸ್ತ್ರಕ್ಕೆ ಕೇಳುವ ಪ್ರಶ್ನೆಯಾಗಿ ಉಳಿಯಿತು.

ಆ ಭಾನುವಾರವೂ ಕೇಳಿದೆ. "ಜ್ವರ ಗಿರ?"

"ಏನೂ ಇಲ್ಲ ಕಣೋ. ಚುಚ್ಚಿ ಹೊರಡು, ರೈಲು ತಪ್ಪೀತು."

ಹಣೆ ಮುಟ್ಟಿದೆ, ತಣ್ಣಗಿತ್ತು. ಥರ್ಮಾಮೀಟರ್ ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ಟಕ್. ಹತ್ತು ಎಣಿಸಿದೆ. ಟಕ್.

ಆಮೇಲೆ ಗೊತ್ತಾಯಿತು, ನಾನು ಬರುವ ಮುಂಚೆ ಅವಳು ಜ್ವರದ ಮಾತ್ರೆ ನುಂಗಿದ್ದಳು. ಮೂರು ದಿನದ ಹಿಂದೆ ಅಂಗಾಲಿಗೆ ತೆಂಗಿನ ಮಟ್ಟೆಯ ಸಿಗುರು ಹೊಕ್ಕಿತ್ತು. ಅರಿಶಿನ ಸುಣ್ಣ ಮೆತ್ತಿ ಬಟ್ಟೆ ಕಟ್ಟಿ, ಸೀರೆಯ ನೆರಿಗೆ ಎಳೆದುಕೊಂಡು ಕೂತಿದ್ದಳು. ಮಂಗಳವಾರ ಭಾವ ಫೋನ್ ಮಾಡಿದರು. "ಕಾಲು ಮಂಡಿಗಂಟ ಊದ್ಬಿಟ್ಟೈತೆ ಕಣಪ್ಪಾ. ಸತ್ತೋಗಿರೋ ಅವ್ವನ್ನ ಕರೀತಾವ್ಳೆ."

ಶಿವಮೊಗ್ಗದ ಆಸ್ಪತ್ರೆಯಲ್ಲಿ ಗಾಯದ ನಂಜು ರಕ್ತಕ್ಕೆ ಏರಿದೆ ಎಂದರು. ಈ ಔಷಧ ದೇಹದ ಕಾವಲನ್ನು ಮಂಪರಿಗೆ ತಳ್ಳುತ್ತದೆ, ಕಳ್ಳ ಬಂದರೂ ಕೂಗು ಜೋರಾಗಿ ಕೇಳದು ಎಂದು ವಿವರಿಸಿದ ಯುವ ಡಾಕ್ಟರು, "ಇಂಜೆಕ್ಷನ್ ಕೊಟ್ಟವರು ಯಾರು?" ಎಂದರು. "ನಾನೇ" ಎಂದೆ. ಅವರು ಬೈಯಲಿಲ್ಲ, ಬರೆದುಕೊಂಡರು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಎಂಟನೆಯ ದಿನ ಅಕ್ಕ ನನ್ನ ಗುರುತು ಹಿಡಿದಳು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ಅಷ್ಟು ದೂರದಿಂದ ಹೊತ್ಕೊಂಡ್ ಬಂದಿದ್ದೆ. ಹಂಗೇ ವಾಪಸ್ ಹೆಂಗೋ ಕಳಿಸ್ಲಿ?"

ಆಮೇಲೆ ಮುಖ ತಿರುಗಿಸಿ, "ಕೈ ಮತ್ತೆ ಮುರುಟ್ಕೊಂಡ್ರೆ ಅಂತ ಭಯ ಆಯ್ತು" ಎಂದಳು.

ಮೂರು ತಿಂಗಳ ಮೇಲೆ ಡಾಕ್ಟರು ಒಪ್ಪಿ ಮತ್ತೆ ಶುರುಮಾಡಿಸಿದರು. ಈಗ ನಾನು ಅಂಗಾಲು ನೋಡುತ್ತೇನೆ, ಜ್ವರ ಅಳೆಯುತ್ತೇನೆ, ಮಾತ್ರೆಯ ಡಬ್ಬಿ ತೆಗೆಸುತ್ತೇನೆ. ಆದರೂ ಆ ಹತ್ತು ಎಣಿಸುವಷ್ಟರಲ್ಲಿ ಬೆವೆತು ಸುಸ್ತಾಗುತ್ತೇನೆ.

ನಿನ್ನೆ ಭಾನುವಾರ. ಬೆಳಿಗ್ಗೆಯೇ ಅವಳ ಫೋನ್ ಬಂತು. "ಈ ಸಲ ಔಷಧಿ ತರಬ್ಯಾಡ ಕಣೋ. ಕೆಮ್ಮು ಹತ್ಕೊಂಡೈತೆ, ಡಾಕ್ಟರಿಗೂ ಹೇಳಿವ್ನಿ. ಊಟಕ್ಕೆ ಬಾ."

ಹೋದೆ. ಅವಳ ಬೆರಳುಗಳು ಆಗಲೇ ಬಿಗಿದುಕೊಳ್ಳುತ್ತಿದ್ದವು. ಮುದ್ದೆ ಮುರಿಯಲು ಎರಡು ಸಲ ನೋಡಿ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಮುರಿದು, ಸಾರಿಗದ್ದಿ, ತಟ್ಟೆಯ ಅಂಚಿಗೆ ಇಡುತ್ತಾ ಹೋದೆ.

"ಸಣ್ಣಗೆ ಮುರೀರಿ ಮೇಷ್ಟ್ರೇ" ಎಂದಳು. "ನುಂಗೋಳು ನಾನು."

ಸಣ್ಣಗೆ ಮುರಿದೆ.